ಕೋಂ ಬೋರೇಗೌಡ

ಹೋದ ವರ್ಷ ಯುಗಾದಿ ಕಳೆದು ಎರಡು ವಾರಕ್ಕೆ ದೊಡ್ಡಪ್ಪ ಫೋನು ಮಾಡಿ, “ಒಂದ್ ಸೈನು ಬೇಕಾಗದೆ ಕಣವ್ವ, ಭಾನುವಾರ ಬಂದೋಗು” ಅಂದರು. ಯಾವುದಕ್ಕೆ ಸೈನು ಎಂದು ನಾನು ಕೇಳಲಿಲ್ಲ. ಪಾಂಡವಪುರ ತಾಲ್ಲೂಕಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಸಂಸಾರ ಹೂಡಿದ ಹೆಣ್ಣುಮಗಳನ್ನು ಹಬ್ಬವಿಲ್ಲದ ದಿನ ತವರಿನವರು ಕರೆದರೆ ವಿಷಯ ಏನೆಂದು ಬಸ್ಸು ಹತ್ತುವ ಮೊದಲೇ ಗೊತ್ತಿರುತ್ತದೆ. ತಾತ ತೀರಿಕೊಂಡು 22 ವರ್ಷವಾದರೂ ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಜಮೀನಿನ ಒಡೆಯನ ಹೆಸರಿರುವ ಕಡೆ, ಇನ್ನೂ ಅವರೇ ಇದ್ದರು. ಪೌತಿ ಖಾತೆಯಾಗಬೇಕು, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ವಂಶವೃಕ್ಷ ಬೇಕು, ವಂಶವೃಕ್ಷಕ್ಕೆ ನಾವೆಲ್ಲ ಬೇಕು. ನಮ್ಮ ಕಡೆ ಹಿರೀಕರ ಮೇಲಿನ ಅಕ್ಕರೆಗೆ ಯಾರೂ ವಂಶವೃಕ್ಷ ಬರೆಯುವುದಿಲ್ಲ. ಜಮೀನು ಭಾಗಕ್ಕೆ ಬಂದಾಗ ಬರೆಯುತ್ತೇವೆ.

ದೊಡ್ಡಪ್ಪ ಅದನ್ನು ಯಾರದೋ ಲಗ್ನಪತ್ರಿಕೆಯ ಹಿಂದೆ ಬರೆದಿಟ್ಟಿದ್ದರು. ಮೇಲೆ ಬೋರೇಗೌಡ. ಅವನ ಕೆಳಗೆ ನಮ್ಮ ತಾತ ನಿಂಗೇಗೌಡ. ಅವರ ಕೆಳಗೆ ಮೂರು ಗಂಡುಮಕ್ಕಳು, ಅವರ ಕೆಳಗೆ ಅವರ ಗಂಡುಮಕ್ಕಳು. ನೋಡಿದರೆ ತೆಂಗಿನ ಮರದ ಹಾಗೆ ನೆಟ್ಟಗೆ ಇತ್ತು, ಒಂದು ಕೊಂಬೆಯೂ ಪಕ್ಕಕ್ಕೆ ಚಾಚಿರಲಿಲ್ಲ. ಮೂವರು ಅತ್ತೆಯರಿಲ್ಲ, ನಾನೂ ಇಲ್ಲ. ತಾಲ್ಲೂಕು ಕಚೇರಿ ಮುಂದೆ ಪತ್ರ ಬರೆಯುವವರು ಅದನ್ನು ನೋಡಿ, “ಹೆಣ್ಮಕ್ಕಳ್ನ ಬುಟ್ರೆ ಆಗಕಿಲ್ಲ ಗೌಡ್ರೆ, ನಾಳೆ ಕೇಸಾಯ್ತದೆ” ಅಂದಿದ್ದರಂತೆ. ಹಾಗಾಗಿ ನಾವು ನಾಲ್ವರೂ ಬೇರೆ ಬಣ್ಣದ ಇಂಕಿನಲ್ಲಿ, ಜಾಗ ಸಿಕ್ಕ ಕಡೆ, ಓರೆಯಾಗಿ ಬಂದು ಸೇರಿಕೊಂಡಿದ್ದೆವು. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ಕಾನೂನಿದೆ. ನಮ್ಮೂರಿನಲ್ಲಿ ಆ ಕಾನೂನು ಮುಖ್ಯವಾಗಿ ಮಾಡಿದ ಕೆಲಸವೆಂದರೆ ಹಕ್ಕು ಬಿಡುಗಡೆ ಪತ್ರ ಬರೆಯುವವರಿಗೆ ಕೆಲಸ ಕೊಟ್ಟದ್ದು. (ನಾನು ಸೈನು ಹಾಕಿದೆನೇ ಎಂದು ಕೇಳಬೇಡಿ. ಅದು ಬೇರೆಯೇ ಬರಹವಾಗುತ್ತದೆ, ಅದನ್ನು ನಮ್ಮಣ್ಣನೂ ಓದುತ್ತಾನೆ.)

ಆದರೆ ನನ್ನನ್ನು ಕೊರೆದದ್ದು ನಮ್ಮ ಹೆಸರುಗಳಲ್ಲ. ಪತ್ರ ಬರೆಯುವವರು ಬೋರೇಗೌಡನ ಪಕ್ಕದಲ್ಲಿ ಹೆಂಡತಿಗೆಂದು ಒಂದು ಗೆರೆ ಎಳೆದು, ಖಾಲಿ ಬಿಟ್ಟು, ಮುಂದೆ ‘ಕೋಂ ಬೋರೇಗೌಡ’ ಎಂದು ಬರೆದಿದ್ದರು. ಕೋಂ ಅಂದರೆ ಹೆಂಡತಿ, ಬಿನ್ ಅಂದರೆ ಮಗ. ಕಂದಾಯದ ಕಾಗದ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. “ನಿಮ್ಮಜ್ಜಿ ಹೆಸರೇನು ದೊಡ್ಡಪ್ಪ?” ಅಂದೆ. ದೊಡ್ಡಪ್ಪ ಚಿಕ್ಕಪ್ಪನ ಮುಖ ನೋಡಿದರು, ಚಿಕ್ಕಪ್ಪ ಸೂರು ನೋಡಿದರು. “ಎಲ್ಲಾ ಕನ್ನಂಬಾಡವ್ವ ಅಂತಿದ್ರು” ಅಂದರು. ಅದು ಹೆಸರಲ್ಲ, ತವರೂರು. “ಅದೇನ್ ಬೇಕಾಗಿಲ್ಲ ಕಣವ್ವ, ಲೇಟ್ ಅಂತ ಹಾಕುದ್ರೆ ಸಾಕಂತೆ” ಎಂದು ಮಾತು ಮುಗಿಸಿದರು. ಆಕೆ ಸತ್ತದ್ದು ಸರ್ಕಾರಕ್ಕೆ ಬೇಕು, ಆಕೆಗೆ ಏನೆಂದು ಹೆಸರಿತ್ತು ಅನ್ನುವುದು ಬೇಡ.

ಅಂದು ಸಂಜೆ ಮೈಸೂರಿನ ಬಸ್ಸಿನಲ್ಲಿ ಕೂತೇ ಮೊಬೈಲಿನಲ್ಲಿ ಹುಡುಕಲು ಶುರು ಮಾಡಿದೆ.

ಪರದೆಯ ಮೇಲೆ ಮಣ್ಣು ಮಾತ್ರ ಸಿಗುತ್ತದೆ

ಕೂತಲ್ಲೇ ಏನೇನು ಸಿಗುತ್ತದೆ ಎಂದು ನೋಡಿ ಮೊದಲು ನಾನು ಬೆರಗಾದೆ. ‘ಭೂಮಿ’ ಯೋಜನೆ ಬಂದಾಗ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರು. ಸರ್ವೆ ನಂಬರು ಒತ್ತಿದರೆ ನಮ್ಮ ಗದ್ದೆಯ ಎಕರೆ, ಗುಂಟೆ, ಕಂದಾಯ, 11ನೇ ಕಾಲಂನಲ್ಲಿ ಅಡವಿಟ್ಟ ಸಾಲ, ಎಲ್ಲ ಬಂತು. ದಿಶಾಂಕ್ ಆ್ಯಪ್ ತೆರೆದು ಗದ್ದೆ ಬದುವಿನ ಮೇಲೆ ನಿಂತರೆ ಯಾವ ನಂಬರಿನಲ್ಲಿ ನಿಂತಿದ್ದೇನೆಂದು ಅದೇ ಹೇಳುತ್ತದೆ. ಆದರೆ ಈ ನೆನಪು 2000ದ ಆಸುಪಾಸಿಗೆ ನಿಂತುಹೋಗುತ್ತದೆ. ಅದರ ಹಿಂದಿನದು ಕೈಬರಹ. ಆರ್‌ಆರ್ (ಹಕ್ಕು ದಾಖಲೆ), ಐಎಲ್ (ಜಮೀನುಗಳ ಸೂಚಿ) ನಕಲಿಗೆ ಅರ್ಜಿ ಹಾಕಿದೆ, ಮೂರು ಸಲ ಹೋದೆ, ಬಂತು. ಶಾನುಭೋಗರ ಆ ಮುದ್ದೆ ಅಕ್ಷರದಲ್ಲಿ ಬೋರೇಗೌಡ ಬಿನ್ ನಿಂಗೇಗೌಡ ಎಂದಿತ್ತು. ಮೇಲಿನ ಸಾಲಿನಲ್ಲಿ ನಿಂಗೇಗೌಡ ಬಿನ್ ಬೋರೇಗೌಡ. ಅದರ ಪಕ್ಕದ ನಂಬರಿನಲ್ಲಿ ಮತ್ತೊಬ್ಬ ಬೋರೇಗೌಡ ಬಿನ್ ನಿಂಗೇಗೌಡ, ಅವನು ನಮ್ಮವನಲ್ಲ. ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿ ಕೇಳುವುದಕ್ಕೆ ಚೆನ್ನ. ಹುಡುಕುವವಳಿಗೆ ಅದು ಗಾಣದೆತ್ತಿನ ಸುತ್ತು.

ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಅಲ್ಲಿಂದ ಈಚೆಗೆ ನಮ್ಮ ಪ್ರತಿ ಗುಂಟೆಗೂ ಒಂದು ಚರಿತ್ರೆ ಇದೆ. ಆ ಗುಂಟೆಯಲ್ಲಿ ನಾಟಿ ಹಾಕಿದ ಹೆಂಗಸರದಿಲ್ಲ. ಹೆಂಗಸು ದಾಖಲೆಗೆ ಬರಬೇಕಾದರೆ ವಿಧವೆಯಾಗಬೇಕು ಅಥವಾ ಜಗಳವಾಡಬೇಕು.

ಚಿಕ್ಕಪ್ಪನ ಮಗನೊಬ್ಬ ಸಿಡ್ನಿಯಲ್ಲಿದ್ದಾನೆ. ನನ್ನ ಹುಚ್ಚು ಕೇಳಿ ಅವನೂ ಸೇರಿಕೊಂಡು, ವಂಶವೃಕ್ಷ ಕಟ್ಟುವ ಅಂತರ್ಜಾಲ ತಾಣವೊಂದರಲ್ಲಿ ನಮ್ಮದನ್ನು ಶುರು ಮಾಡಿದ. ಅದು ಮೊದಲು ಕೇಳಿದ್ದು ಸರ್‌ನೇಮು. ನಮಗೆಲ್ಲಿಯದು? ಇನಿಷಿಯಲ್ಲು ಮುಂದೆ ಬರುತ್ತದೆ, ಅದರಲ್ಲಿ ಊರೋ ಅಪ್ಪನೋ ಇರುತ್ತಾರೆ. ಅವನು ‘ಗೌಡ’ ಎಂದು ತುಂಬಿದ. ಬೆಳಗಾಗುವಷ್ಟರಲ್ಲಿ ಹಾಸನದಿಂದ ಹಿಡಿದು ಹ್ಯೂಸ್ಟನ್ನಿನವರೆಗೆ ಕಂಡಕಂಡ ಗೌಡರೆಲ್ಲ ನಮ್ಮ ನೆಂಟರಿರಬಹುದೆಂದು ಸೂಚನೆ ಬಂದು ಬಿದ್ದಿದ್ದವು. ಆಮೇಲೆ ನಮ್ಮ ದೊಡ್ಡತ್ತೆಯ ಸರದಿ. ಅವರನ್ನು ಕೊಟ್ಟದ್ದು ಸೋದರಮಾವನಿಗೆ, ಅಂದರೆ ನಮ್ಮಜ್ಜಿಯ ತಮ್ಮನಿಗೆ. ಹಾಗಾಗಿ ಒಬ್ಬನೇ ಮನುಷ್ಯ ನಮ್ಮಪ್ಪನಿಗೆ ಮಾವನೂ ಭಾವನೂ ಆದ. ತಾಣ ಕೆಂಪು ಅಕ್ಷರದಲ್ಲಿ, ಏನೋ ತಪ್ಪಾಗಿದೆ, ಪರಿಶೀಲಿಸಿ ಎಂದಿತು. ತಪ್ಪೇನೂ ಆಗಿರಲಿಲ್ಲ. ಅದು ಮರ ನಿರೀಕ್ಷಿಸುತ್ತಿತ್ತು, ನಮ್ಮದು ಈಚಲು ಚಾಪೆ. ಒಂದೇ ಗರಿ ಮೇಲೆ ಹೋಗಿ ಕೆಳಗೆ ಬಂದು ಮತ್ತೆ ಮೇಲೆ ಬರುತ್ತದೆ.

ಅವನ ಆಫೀಸಿನ ಇಂಗ್ಲಿಷ್ ಗೆಳೆಯ ಒಂದೇ ಸಂಜೆಯಲ್ಲಿ ತನ್ನ ಮುತ್ತಜ್ಜಿಯನ್ನು ಹುಡುಕಿದನಂತೆ. ಹೆಸರು, ವಯಸ್ಸು, ಯಾವ ಬೀದಿ, ಯಾವ ಕೆಲಸ. ಅವರಲ್ಲಿ ನೂರು ವರ್ಷ ಕಳೆದ ಮೇಲೆ ಜನಗಣತಿಯ ಮನೆಮನೆಯ ಹಾಳೆಗಳನ್ನೇ ತೆರೆದಿಡುತ್ತಾರೆ. 1921ರದ್ದನ್ನು 2022ರ ಜನವರಿಯಲ್ಲಿ ತೆರೆದರು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಆ ಹಾಳೆಗಳನ್ನು ಗುಟ್ಟಾಗಿಡಬೇಕೆನ್ನುತ್ತದೆ. ಹಾಗಾಗಿ ನಮಗೆ ಸಿಗುವುದು ಮೊತ್ತ ಮಾತ್ರ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50.55 ಲಕ್ಷ, 1881ರಲ್ಲಿ 41.86 ಲಕ್ಷ. ನಡುವೆ ಧಾತು, ಈಶ್ವರ ಸಂವತ್ಸರಗಳ ಬರ. ಕಡಿಮೆಯಾದ ಆ ಎಂಟೂವರೆ ಲಕ್ಷಕ್ಕೂ ಮೀರಿದ ಲೆಕ್ಕದೊಳಗೆ ನಮ್ಮವರು ಎಷ್ಟು ಜನ ಇದ್ದರೋ, ಒಂದು ಹೆಸರೂ ಇಲ್ಲ.

ನನ್ನ ಹಾಗೆ ಹುಡುಕಲು ಹೊರಟವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ನಾನು ಎರಡು ತಿಂಗಳು ಕಳೆದುಕೊಂಡು ಕಲಿತದ್ದು. ಹಳೆಯ ಪುಸ್ತಕಗಳಲ್ಲಿ ಪಾಂಡವಪುರ ಎಂದು ಹುಡುಕಬೇಡಿ, ಫ್ರೆಂಚ್ ರಾಕ್ಸ್ ಎಂದು ಹುಡುಕಿ. ಹೈದರ್ ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದಕ್ಕೆ ಆ ಹೆಸರು, ಅದಕ್ಕೂ ಮೊದಲಿನದು ಹಿರೋಡೆ. ಕೆ.ಆರ್. ಪೇಟೆ ಅತ್ತಿಗುಪ್ಪೆಯಾಗಿತ್ತು. ಕೆ.ಆರ್. ನಗರಕ್ಕೆ ಹೋಗುವ ಮುಂಚೆ ಎಡತೊರೆಗೆ ಹೋಗಬೇಕು. ಮಂಡ್ಯ ಜಿಲ್ಲೆ ಎಂಬುದು ಹುಟ್ಟಿದ್ದೇ 1939ರಲ್ಲಿ, ಅಲ್ಲಿಯವರೆಗೂ ಎಲ್ಲ ಮೈಸೂರು ಜಿಲ್ಲೆಯ ಬುಟ್ಟಿಯಲ್ಲೇ ಇರುತ್ತದೆ. ಶಾಲೆಯ ದಾಖಲಾತಿ ಪುಸ್ತಕದ ಹುಟ್ಟಿದ ದಿನವನ್ನಂತೂ ನಂಬಲೇಬೇಡಿ. ನಮ್ಮಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಜೂನಿನಲ್ಲೇ ಹುಟ್ಟಿದ್ದಾರೆ. ಹೆತ್ತವಳು ಅಜ್ಜಿಯಾದರೂ ದಿನ ಗೊತ್ತು ಮಾಡಿದವರು ಹೆಡ್ಮೇಷ್ಟ್ರು.

ನೀರಿನ ಕಡೆಗೆ ಕೈಮುಗಿದದ್ದು

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಬೃಂದಾವನ ನೋಡಲು ಹೋಗಿದ್ದೆವು. ಬಟ್ಟೆಗಂಟಿನಲ್ಲಿ ಚಿತ್ರಾನ್ನ, ಒಂದು ಕ್ಯಾನಿನಲ್ಲಿ ಮಜ್ಜಿಗೆ. ಮಕ್ಕಳೆಲ್ಲ ದೀಪ ಯಾವಾಗ ಹತ್ತುತ್ತದೆ, ಕಾರಂಜಿ ಯಾವಾಗ ಕುಣಿಯುತ್ತದೆ ಎಂದು ಕಟ್ಟೆಯ ಈಚೆಗೆ ಇಣುಕುತ್ತಿದ್ದರೆ, ಅಜ್ಜಿ ಮಾತ್ರ ಅದಕ್ಕೆ ಬೆನ್ನು ಹಾಕಿ, ನೀರಿನ ಕಡೆ ತಿರುಗಿ, ಸೆರಗು ಸರಿ ಮಾಡಿಕೊಂಡು ಕೈಮುಗಿದರು. ಅಲ್ಲಿ ದೇವರೇನೂ ಕಾಣಿಸುತ್ತಿರಲಿಲ್ಲ, ಬರೀ ನೀರು. ಯಾಕಜ್ಜಿ ಅಂದೆ. “ನಿಮ್ ತಾತನ ಅವ್ವನ ತವ್ರು ಅಲ್ಲದೆ ಕಣ್ ಮಗ” ಅಂದರು. ನೀರಿನಲ್ಲಿ ಊರಿರುತ್ತದೆಯೇ ಎಂದು ನಾನು ನಕ್ಕೆ. ಅಜ್ಜಿ ನಗಲಿಲ್ಲ. ಅವರ ಅತ್ತೆ ಬದುಕಿರುವವರೆಗೂ ಕಟ್ಟೆ ನೋಡಲು ಬರಲಿಲ್ಲವಂತೆ. ಗಾಡಿ ಕಟ್ಟಿಕೊಂಡು ಎಲ್ಲರೂ ಹೊರಟಾಗಲೂ “ನೀವ್ ಓಗ್ಬನ್ನಿ” ಅಂದವಳು. ಹೆಸರು ಕೇಳಬೇಕಾದದ್ದು ಅವತ್ತು. ಅತ್ತೆಯ ಹೆಸರು ಗೊತ್ತಿದ್ದ ಕೊನೆಯ ಸೊಸೆ ನನ್ನ ಪಕ್ಕದಲ್ಲೇ ನಿಂತಿದ್ದರು, ನಾನು ಕಾರಂಜಿ ನೋಡಲು ಓಡಿದೆ.

ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1931ರ ಹೊತ್ತಿಗೆ ಮುಗಿಯಿತು. ಕನ್ನಂಬಾಡಿ ಮುಳುಗಿತು, ಜನ ಮೇಲಕ್ಕೆ ಬಂದು ಹೊಸ ಕನ್ನಂಬಾಡಿ ಕಟ್ಟಿಕೊಂಡರು. ನನ್ನ ಲೆಕ್ಕದಲ್ಲಿ ಕಟ್ಟೆಯ ಕೆಲಸ ಶುರುವಾದಾಗ ಕನ್ನಂಬಾಡವ್ವ ಲಂಗದ ಹುಡುಗಿ. ಊರಿನ ವೇಣುಗೋಪಾಲನ ಗುಡಿ ನೀರಿನೊಳಗೇ ಉಳಿದು, ಬರದ ವರ್ಷ ನೀರು ಇಳಿದಾಗ ಮೈದೋರುತ್ತಿತ್ತು. ಈಗ ಅದರ ಒಂದೊಂದು ಕಲ್ಲಿಗೂ ನಂಬರು ಬರೆದು, ಬಿಚ್ಚಿ ತಂದು, ದಡದಲ್ಲಿ ಹಾಗೇ ಕಟ್ಟಿದ್ದಾರೆ. ಕಲ್ಲಿಗಾದರೂ ನಂಬರು ಸಿಕ್ಕಿತಲ್ಲ ಎಂದು ಅಲ್ಲಿ ಹೋದಾಗೆಲ್ಲ ಅನಿಸುತ್ತದೆ. ಕಟ್ಟೆಯ ನೀರು ನಾಲೆಯಲ್ಲಿ ಬಂತು, ಇರ್ವಿನ್ ನಾಲೆ ಅಂತಿದ್ದರು, ಈಗ ವಿ.ಸಿ. ನಾಲೆ. ನಮ್ಮ ರಾಗಿ ಹೊಲ ಗದ್ದೆಯಾಯಿತು, ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, ಗದ್ದೆ ಕಬ್ಬಾಯಿತು. ಆಕೆಯ ತವರನ್ನು ಮುಳುಗಿಸಿದ ನೀರೇ ಆಕೆಯ ಗಂಡನ ಮನೆಗೆ ಅನ್ನ ಕೊಟ್ಟಿತು. ಈಗ ನಾವು ಭಾಗ ಮಾಡಿಕೊಳ್ಳಲು ಹೊರಟಿರುವುದು ಆ ನಾಲೆಯ ಕೆಳಗಿನ 3 ಎಕರೆ 12 ಗುಂಟೆ.

ಹೆಸರಿನ ವಿಚಾರಕ್ಕೆ ಬಂದರೆ ಇದು ನಮ್ಮ ಮನೆಯ ಕಥೆ ಮಾತ್ರವೇನಲ್ಲ. 1951–52ರ ಮೊದಲ ಮಹಾಚುನಾವಣೆಯಲ್ಲಿ ದೇಶದ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಹೆಚ್ಚಿನವರು ಉತ್ತರದ ಕಡೆಯವರು. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದ್ದರೇ ಹೊರತು ಸ್ವಂತ ಹೆಸರು ಹೇಳಿರಲಿಲ್ಲ. ನಮ್ಮ ಸೀಮೆಯಲ್ಲಿ ಬೇಕೆಂದಾಗ ಹೆಸರು ಉಳಿಸಿದ್ದೂ ಉಂಟು. ಮದ್ದೂರಿನ ಹತ್ತಿರದ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949–50ರ ಶಾಸನ ನೋಡಿ. ಮಣಲೆರ ಎಂಬ ವೀರನ ಬೇಟೆನಾಯಿ ಹಂದಿಯೊಂದಿಗೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿದರು. ನಾಯಿಯ ಹೆಸರು ಕಾಳಿ. ಸಾವಿರ ವರ್ಷದ ಮೇಲಾದರೂ ಆ ಹೆಸರನ್ನು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿ ಓದಬಹುದು. ನನಗೆ ಆ ನಾಯಿಯ ಮೇಲೆ ಹೊಟ್ಟೆಕಿಚ್ಚಿಲ್ಲ. ಆದರೂ ನೂರೈದು ವರ್ಷದ ಹಿಂದೆ ಮದುವೆಯಾಗಿ ಬಂದು, ಏಳು ಹೆತ್ತು ನಾಲ್ಕು ಉಳಿಸಿಕೊಂಡವಳು…

ಹೆಳವ ಬಂದ

ಅಂತರ್ಜಾಲದಲ್ಲಿ ನನಗೆ ನಿಜವಾಗಿ ದಾರಿ ತೋರಿಸಿದ್ದು ಹರಿದ್ವಾರ. ಅಲ್ಲಿನ ಪಂಡಾಗಳು ಯಾತ್ರಿಕರ ವಂಶಾವಳಿ ಬರೆದಿಟ್ಟ ವಹಿಗಳನ್ನು ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ತಾಣದವರು ಚಿತ್ರ ತೆಗೆದು ಹಾಕಿದ್ದಾರೆ. ಒಂದು ರಾತ್ರಿ ಸುಮ್ಮನೆ ಅದನ್ನು ತಿರುವುತ್ತಾ, ಓದಲು ಬರದ ಆ ಉದ್ದುದ್ದ ಹಾಳೆಗಳನ್ನು ನೋಡುತ್ತಾ ಇದ್ದಾಗ ನೆನಪಾಯಿತು: ನಮ್ಮ ಹಟ್ಟಿಗೂ ಹೀಗೆ ಪುಸ್ತಕ ಹಿಡಿದವನು ಬರುತ್ತಿದ್ದನಲ್ಲ! ಗಂಟೆ ಕಟ್ಟಿದ ಎತ್ತಿನ ಮೇಲೆ, ಕಾಲ ಮೇಲೆ ಕಂಬಳಿ ಹೊದ್ದುಕೊಂಡು, ಕೆಳಗಿಳಿಯದೆ, ನಮ್ಮ ಹಿರೀಕರ ಹೆಸರನ್ನು ರಾಗವಾಗಿ ಕೂಗಿ ಹೇಳುತ್ತಿದ್ದ ಹೆಳವ. ಹೆಳವ ಅಂದರೆ ಕಾಲಿಲ್ಲದವನು. ಅವನಿಗೆ ಕಾಲು ಚೆನ್ನಾಗಿಯೇ ಇರುತ್ತಿತ್ತು, ನೆಲ ಮುಟ್ಟಬಾರದೆಂಬುದು ಪದ್ಧತಿ. ಮಕ್ಕಳಾಗಿದ್ದ ನಾವು ಕಂಬಳಿ ಎಳೆದು ಕಾಲು ಇದೆಯೋ ಇಲ್ಲವೋ ನೋಡಲು ಹೋಗಿ ಬೈಸಿಕೊಂಡಿದ್ದೆವು. ನಾನು ಹರಿದ್ವಾರದವರೆಗೆ ಹೋಗಿ ಹಿತ್ತಲಿಗೆ ವಾಪಸು ಬಂದೆ.

ದೊಡ್ಡಪ್ಪನ ಹತ್ತಿರ ಅವನ ಮೊಬೈಲ್ ನಂಬರಿತ್ತು! “ಎರಡ್ ವರ್ಷಕ್ಕೊಂದ್ಸಲ ಬತ್ತಾನೆ, ರಾಗಿ ಇಸ್ಕೊಂಡ್ ಓಯ್ತಾನೆ” ಅಂದರು, ಅದರಲ್ಲೇನು ವಿಶೇಷ ಎನ್ನುವ ಹಾಗೆ. ಶ್ರಾವಣ ಕಳೆದ ಮೇಲೆ ಅವನು ಬಂದ. ಎತ್ತಿಲ್ಲ, ಹಳೆಯ ಟಿವಿಎಸ್. ಕಂಬಳಿ ಇತ್ತು, ಅದನ್ನು ಜಗಲಿಯ ಮೇಲೆ ಹಾಸಿ ಕೂತ. ಹಿಂದೆ ಇವರಲ್ಲಿ ಕೆಲವರು ಓಲೆಗರಿ, ತಾಮ್ರದ ತಗಡು ಇಟ್ಟಿರುತ್ತಿದ್ದರು. ಇವನದು ಅವರಪ್ಪ ನಕಲು ಮಾಡಿದ ದಪ್ಪ ಲೆಡ್ಜರು, ಕೆಂಪು ಬಟ್ಟೆಯಲ್ಲಿ ಸುತ್ತಿದ್ದ. ಓದಲು ಶುರು ಮಾಡಿದವನು ಪುಸ್ತಕ ನೋಡಿದ್ದೇ ಕಡಿಮೆ. ಯಾವ ಊರಿಂದ ಎದ್ದು ಬಂದೆವು, ಯಾವ ಕಟ್ಟೆಯ ಹತ್ತಿರ ಗುಡಿಸಲು ಹಾಕಿದೆವು, ಧಾತು ಬರದಲ್ಲಿ ಯಾರು ಗುಳೆ ಹೋಗಿ ವಾಪಸು ಬರಲಿಲ್ಲ, ಮನೆದೇವರಿಗೆ ಹರಕೆ ತಪ್ಪಿಸಿದವನು ಯಾರು (ಇದನ್ನು ಹೇಳುವಾಗ ದೊಡ್ಡಪ್ಪ ಕೆಮ್ಮಿದರು) – ಎಲ್ಲ ಒಂದೇ ಉಸಿರಿನಲ್ಲಿ ಬಂತು. ಪಹಣಿಯಲ್ಲಿ ನಿಂತಲ್ಲೇ ನಿಂತಿದ್ದ ಗೌಡರೆಲ್ಲ ಅವನ ಬಾಯಲ್ಲಿ ನಡೆದರು, ಜಗಳವಾಡಿದರು, ಸಾಲ ಮಾಡಿದರು. ಬೋರೇಗೌಡನ ಹತ್ತಿರ ಬಂದಾಗ ಅವನು ಬೆರಳಿಟ್ಟು ಓದಿದ: “ಬೋರೇಗೌಡ್ರಿಗೆ ಕನ್ನಂಬಾಡಿ ಕೆಂಪಮ್ಮನ್ನ ತಂದವ್ರೆ.”

ಕೆಂಪಮ್ಮ. ನಾಲ್ಕು ತಿಂಗಳಿಂದ ಹುಡುಕಿದ್ದು ಇಷ್ಟು ಸುಲಭವಾಗಿ ಬಂತಲ್ಲ ಎಂದು ಒಂದು ಗಳಿಗೆ ಪೆಚ್ಚಾದೆ. ನನ್ನ ಹೆಸರನ್ನೂ ಬರೆದುಕೊ ಅಂದೆ. ಅವನು ಬಹಳ ಮರ್ಯಾದೆಯಿಂದಲೇ, “ಎಣ್ಮಕ್ಕಳ್ದು ನಾವ್ ಬರಿಯಾಕಿಲ್ಲ ತಾಯಿ, ನಿಮ್ದು ನಿಮ್ ಯಜಮಾನ್ರ ಮನೆ ಎಳವ ಬರೀತಾನೆ” ಅಂದ. ನನ್ನ ಗಂಡನ ಮನೆಯವರು ಎರಡು ತಲೆಮಾರಿನಿಂದ ಮೈಸೂರು ಪೇಟೆಯವರು, ಅವರಿಗೆ ಹೆಳವ ಎಂದರೇನೆಂದೇ ಗೊತ್ತಿಲ್ಲ. ಪತ್ರ ಬರೆಯುವವರಿಗೆ ಕೇಸಿನ ಹೆದರಿಕೆಯಾದರೂ ಇತ್ತು, ಇವನಿಗೆ ಅದೂ ಇಲ್ಲ. ಒಂದು ಪಲ್ಲ ರಾಗಿ, ಒಂದು ಪಂಚೆ, 2,000 ರೂಪಾಯಿ ಇಸಕೊಂಡು ಹೊರಟ.

ಕತೆ ಇಲ್ಲಿಗೆ ಮುಗಿಯಬಹುದಿತ್ತು. ಮರುವಾರ ಚಿಕ್ಕಪ್ಪ ಟ್ರಂಕಿನಿಂದ 1948ರ ಭೋಗ್ಯ ಪತ್ರವೊಂದನ್ನು ತೆಗೆದು ವಾಟ್ಸ್ಆ್ಯಪಿನಲ್ಲಿ ಫೋಟೊ ಕಳಿಸಿದರು. ಛಾಪಾ ಕಾಗದದ ಮೇಲೆ ಗಂಡಭೇರುಂಡ, ಕೆಳಗೆ ಮಸಿ ಹರಡಿದ ಹೆಬ್ಬೆಟ್ಟು, ಅದರ ಪಕ್ಕ: ‘ಸಣ್ಣಮ್ಮ ಕೋಂ ಲೇಟ್ ಬೋರೇಗೌಡ, ಇವಳ ಎಡಗೈ ಹೆಬ್ಬೆಟ್ಟಿನ ಗುರುತು’. ಸಣ್ಣಮ್ಮ! ಮನೆಯವರ ಗುಂಪಿನಲ್ಲಿ ಗುಸುಗುಸು ಎದ್ದಿತು. ಬೋರೇಗೌಡನಿಗೆ ಇಬ್ಬರು ಹೆಂಡಿರಿದ್ದರೇ? ಹಾಗಾದರೆ ತಾತ ಯಾರ ಮಗ? ಇನ್ನೊಬ್ಬಳ ಕಡೆಯವರು ಯಾರಾದರೂ ಎದ್ದು ಬಂದರೆ? ದೊಡ್ಡಪ್ಪ ನನಗೆ ಫೋನು ಮಾಡಿ, “ಅರ್ಜಿ ಟೇಬಲ್ ಮೇಲಿರೋ ಒತ್ನಲ್ಲಿ ಇದೆಲ್ಲಾ ಯಾಕವ್ವ ಕೆದುಕ್ತೀಯ” ಎಂದು ಬೇಸರದಿಂದ ಹೇಳಿದರು. ಸಿಡ್ನಿಯವನು ಇಬ್ಬರನ್ನೂ ಮರದಲ್ಲಿ ಹಾಕಿ, ನಡುವೆ ಪ್ರಶ್ನೆ ಚಿಹ್ನೆ ಇಟ್ಟ.

ನಾನು ಆ ಹೆಬ್ಬೆಟ್ಟನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಗೆರೆಗಳ ಮಧ್ಯೆ ಅಡ್ಡಕ್ಕೆ ಒಂದು ಬಿಳಿ ಸೀಳು. ಕುಡುಗೋಲಿನದೇ ಇರಬೇಕು. ಕಬ್ಬು ಸವರುವ ಹೆಂಗಸರ ಎಡಗೈ ಹೆಬ್ಬೆಟ್ಟಿನಲ್ಲಿ ಇಂಥದ್ದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅಷ್ಟು ಕಾಗದ ತಿರುವಿದ್ದರಲ್ಲಿ ಆಕೆಯ ಮೈ ಸೋಕಿದ್ದು ಅದೊಂದೇ.

ಮದ್ದೂರಿನ ಕಡೆ ಕೊಟ್ಟಿರುವ ದೊಡ್ಡತ್ತೆಗೆ 84. ಕಿವಿ ಮಂದ, ನೆನಪು ಮಂದವಲ್ಲ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ, ವಂಶದ ವಿಚಾರ ಗಂಡಸರಿಗೆ ಗೊತ್ತಿರುತ್ತದೆ ಎಂದು ನಾನೂ ಅಂದುಕೊಂಡಿದ್ದೆ ನೋಡಿ. ಹೋಗಿ ಕಿವಿಯ ಹತ್ತಿರ ಕೂಗಿ ಎರಡೂ ಹೆಸರು ಹೇಳಿದೆ. ಅವರಿಗೆ ನಗು ಬಂತು.

“ಅಯ್ಯೋ ಎರಡೂ ಅವ್ಳೇ ಕಣೇ! ಇಟ್ಟಿದ್ದು ಕೆಂಪಮ್ಮ ಅಂತ. ಇಲ್ಲಿಗ್ ಬಂದ್ ನೋಡುದ್ರೆ ಅತ್ತೆ ಎಸ್ರೂ ಕೆಂಪಮ್ಮ. ಸೊಸೇನ ‘ಏ ಕೆಂಪಿ’ ಅಂತ ಕೂಗುದ್ರೆ ಅತ್ತೆನೇ ಬಯ್ದಂಗ್ ಆಗಾಕಿಲ್ವಾ? ಅದ್ಕೆ ಒಸ್ಲು ದಾಟುದ್ ದಿನ್ವೇ ಸಣ್ಣಮ್ಮ ಅಂದ್ಬುಟ್ರು. ಅವ್ವ ಯಾವಾಗ್ಲೋ ಒಂದಿನ ಯೋಳಿದ್ಲು.”

ಊರು ನೀರಿಗೆ ಹೋಯಿತು, ಹೆಸರು ಅತ್ತೆಗೆ ಹೋಯಿತು. ದೊಡ್ಡತ್ತೆ ಇದನ್ನು ದುಃಖದ ಸಂಗತಿಯಾಗಿ ಹೇಳಲಿಲ್ಲ, ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು. ಆಮೇಲೆ ತಾವೇ ಕೇಳಿದರು, “ಅವ್ಳ ಅವ್ವನ ಎಸ್ರು ಸಿಕ್ತಾ?”

ಹೆಳವನಿಗೆ ಫೋನು ಮಾಡಿದೆ. ಕನ್ನಂಬಾಡಿ ಒಕ್ಕಲು ತನ್ನದಲ್ಲ, ತನ್ನ ದಾಯಾದಿಯ ಪಾಲಿಗೆ ಹೋಗಿದೆ, ಅವರು ಈಗ ನಾಗಮಂಗಲದ ಕಡೆ ಬಿಡಾರ ಹಾಕಿದ್ದಾರೆ ಎಂದು ಹೇಳಿ ನಂಬರು ಕೊಟ್ಟ. ದಾಯಾದಿ ಎತ್ತಿದವನೇ, ಮುಳುಗಿದ ಊರಿನವರ ಪುಸ್ತಕ ಬೇರೆಯೇ ಇದೆ, ಅದು ಮನೆಯಲ್ಲಿದೆ ಅಂದ. ಹೆಂಗಸರ ಹೆಸರಿರುತ್ತದಾ ಎಂದು ಕೇಳಿದೆ. “ತಂದ ಎಣ್ಣಿನದು ಇರ್ತದೆ, ಕೊಟ್ಟ ಎಣ್ಣಿನದು ಇರಾಕಿಲ್ಲ” ಅಂದ. ಅಂದರೆ ಆ ಪುಸ್ತಕದಲ್ಲಿ ಕೆಂಪಮ್ಮ ಇರುವುದಿಲ್ಲ, ಅವಳ ಅವ್ವ ಇರುತ್ತಾಳೆ. ಸುಗ್ಗಿ ಮುಗಿಯಲಿ, ರಾಗಿ ಮನೆಗೆ ಬಂದ ಮೇಲೆ ಬರುತ್ತೇನೆ ಎಂದಿದ್ದಾನೆ. ದೊಡ್ಡತ್ತೆ ಈಗಾಗಲೇ ಹೊಸ ಸೀರೆಯೊಂದನ್ನು ಬೀರುವಿನಿಂದ ತೆಗೆದು ಹೊರಗಿಟ್ಟಿದ್ದಾರೆ, ಅವನ ಹೆಂಡತಿಗೆ ಕೊಡಲು. “ಗಂಡಸ್ರುಗ್ ಪಂಚೆ ಕೊಟ್ರೆ ಗಂಡಸ್ರು ಎಸ್ರೇ ಓದ್ತರೆ” ಅಂತಾರೆ.